ಎಂಟನೆಯವನ ಹೆಸರೇನು?

ಈಚೆಗೆ ಅಂತಿಮ ಬಿ.ಎ. ತರಗತಿಯಲ್ಲಿ ರನ್ನನ ಗದಾಯುದ್ಧವನ್ನು ಪಾಠ ಮಾಡುತ್ತಿದ್ದಾಗ, ಎರಡನೆಯ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಮರೆಯಲ್ಲಿ ಬೇರೊಂದು ಪುಸ್ತಕ ಓದುತ್ತಿದ್ದುದು ಕಣ್ಣಿಗೆ ಬಿತ್ತು. ಅವಳ ಕಣ್ಣು ಒದ್ದೆಯಾಗಿತ್ತು. ಅದು ದುರ್ಯೋಧನನಿಗಾಗಿ ಅಲ್ಲವೆಂಬುದರಲ್ಲಿ ಸಂದೇಹವಿರಲಿಲ್ಲ. ಪುಸ್ತಕವನ್ನು ಕೇಳಿ ತೆಗೆದುಕೊಂಡೆ. ಟೇಲರ್ ಜೆಂಕಿನ್ಸ್ ರೀಡ್ ಎಂಬ ಅಮೆರಿಕದ ಲೇಖಕಿಯ ‘ದಿ ಸೆವೆನ್ ಹಸ್ಬೆಂಡ್ಸ್ ಆಫ್ ಎವೆಲಿನ್ ಹ್ಯೂಗೋ’. 2017ರಲ್ಲಿ ಹೊರಬಂದ ಕಾದಂಬರಿ. ಕೆಲವು ವರ್ಷಗಳ ತರುವಾಯ ಎಳೆಯ ಓದುಗರು ಮೊಬೈಲಿನ ಪುಟ್ಟ ಪುಟ್ಟ ವಿಡಿಯೋಗಳಲ್ಲಿ ಇದನ್ನು ಹೊಗಳಿ ಹೊಗಳಿ ದೇಶದೇಶಗಳಿಗೆ ಹಬ್ಬಿಸಿದರಂತೆ.

ಅಧ್ಯಾಪಕರ ಕೊಠಡಿಯಲ್ಲಿ ಇದರ ಮಾತೆತ್ತಿದೆ. ಹಿರಿಯರೊಬ್ಬರು, “ಏಳು ಗಂಡಂದಿರಂತೆ! ಇಂಥದನ್ನು ಓದುವ ಮಕ್ಕಳಿಗೆ ಪಂಪ ರನ್ನರು ರುಚಿಸಿಯಾರೇನ್ರೀ?” ಎಂದರು. ಅವರು ಪುಸ್ತಕ ಓದಿರಲಿಲ್ಲ. ಇಂಗ್ಲಿಷ್ ವಿಭಾಗದ ಕಿರಿಯರೊಬ್ಬರು, “ಸಾರ್, ಇದು ಹೆಣ್ಣೊಬ್ಬಳ ಬಿಡುಗಡೆಯ ಮಹಾಕಥೆ” ಎಂದರು. ಅವರು ಓದಿದ್ದರು. ಎರಡು ರಾತ್ರಿ ಕುಳಿತು ನಾನೂ ಓದಿದೆ. ಈಗ ಇಬ್ಬರೊಡನೆಯೂ ನನಗೆ ಜಗಳವಿದೆ.

ಮೊದಲು ಹಿರಿಯರ ಪಾಲು. ಓದದೆ ಬೈಯುವುದು ನಮ್ಮ ಪಂಡಿತವರ್ಗದ ಹಳೆಯ ಚಾಳಿ. ಜನಪ್ರಿಯವಾದದ್ದೆಲ್ಲ ಹೊಲಸು ಎಂದುಕೊಂಡರೆ ವಿಮರ್ಶಕನ ಕೆಲಸ ಸುಲಭವಾಗುತ್ತದೆ, ಅಷ್ಟೆ. ಈ ಕಾದಂಬರಿಯ ಮೊದಲರ್ಧದಲ್ಲಿ ಗಟ್ಟಿ ಕಾಳಿದೆ. ನ್ಯೂಯಾರ್ಕಿನ ಬಡ ಕ್ಯೂಬನ್ ಮನೆತನದ ಎವೆಲಿನ್ ಹೆರೇರಾ ಎಂಬ ಹುಡುಗಿ, ಹಾಲಿವುಡ್ಡಿಗೆ ಹೊರಟವನೊಬ್ಬನನ್ನು, ಆ ಊರು ಸೇರಲು ಅದೊಂದೇ ದಾರಿಯೆಂದು ಮದುವೆಯಾಗುತ್ತಾಳೆ. ಅಲ್ಲಿನ ಸ್ಟುಡಿಯೋ ಅವಳ ಹೆಸರನ್ನು ಕಳಚುತ್ತದೆ, ಕೂದಲಿಗೆ ಹೊಂಬಣ್ಣ ಹಾಕುತ್ತದೆ; ತಾಯ್ನುಡಿಯೂ ನಾಲಗೆಯಿಂದ ಜಾರುತ್ತದೆ. ಅವಳು ನಿಜವಾಗಿ ಪ್ರೀತಿಸಿದ್ದು ಸೀಲಿಯಾ ಸೇಂಟ್ ಜೇಮ್ಸ್ ಎಂಬ ಇನ್ನೊಬ್ಬ ನಟಿಯನ್ನು. ಆ ಪ್ರೀತಿಯನ್ನು ಲೋಕದಿಂದ ಮುಚ್ಚಿಡಬೇಕಾಗಿ ಬಂದುದರಿಂದಲೇ ಗಂಡಂದಿರ ಎಣಿಕೆ ಏಳಕ್ಕೆ ಏರಿತು. ಗಂಡಂದಿರಲ್ಲಿ ಕೆಲವರು ಮನುಷ್ಯರು, ಕೆಲವರು ಬರಿಯ ಪರದೆ.

ಇದು ಲೇಖಕಿಯ ಕಲ್ಪನೆಯ ಅತಿರೇಕವೆಂದು ಯಾರೂ ತಿಳಿಯಬೇಕಾಗಿಲ್ಲ. ರೀಟಾ ಹೇವರ್ತ್ ಎಂದು ಜಗತ್ತು ಮೆಚ್ಚಿದ ತಾರೆ 1918ರಲ್ಲಿ ಹುಟ್ಟಿದಾಗ ಮಾರ್ಗರಿಟಾ ಕಾರ್ಮೆನ್ ಕನ್ಸೀನೋ ಆಗಿದ್ದಳು. ತಂದೆ ಸ್ಪೇನಿನ ನರ್ತಕ. ಅವಳ ಹಣೆ ಅಗಲವಾಗಿ ಕಾಣಲೆಂದು ಮುಂಗೂದಲನ್ನು ಬೇರುಸಹಿತ ವಿದ್ಯುತ್ತಿನಿಂದ ಸುಟ್ಟರು. ಎಲಿಜಬೆತ್ ಟೇಲರ್ ಏಳು ಮಂದಿಯನ್ನು ಎಂಟು ಸಲ ಮದುವೆಯಾದಳು. ತೆರೆಯ ಮೇಲೆ ಏನನ್ನು ತೋರಿಸಬಹುದು, ಏನನ್ನು ಕೂಡದು ಎಂಬುದನ್ನು ನಿರ್ಮಾಪಕರ ನೀತಿಸಂಹಿತೆಯೊಂದು 1934ರಿಂದ 1968ರವರೆಗೆ ಆಳಿತು. ತೆರೆಯ ಆಚೆಗಿನ ಬದುಕನ್ನು ಕರಾರುಪತ್ರಗಳು ಆಳಿದವು. ಒಲಿವಿಯಾ ಡಿ ಹ್ಯಾವಿಲೆಂಡ್ ಎಂಬ ನಟಿ ವಾರ್ನರ್ ಬ್ರದರ್ಸ್ ಮೇಲೆ ಮೊಕದ್ದಮೆ ಹೂಡಿ, ಕಂಪನಿ ಯಾರನ್ನೂ ಏಳು ವರ್ಷಕ್ಕಿಂತ ಹೆಚ್ಚು ಕಾಲ ಕರಾರಿನಲ್ಲಿ ಕಟ್ಟಿಹಾಕಕೂಡದೆಂದು 1944ರಲ್ಲಿ ಮೇಲ್ಮನವಿ ನ್ಯಾಯಾಲಯದಿಂದ ತೀರ್ಪು ಪಡೆಯಬೇಕಾಯಿತು. ತಾರೆ ಆಕಾಶದಿಂದ ಉದುರುವುದಿಲ್ಲ, ಕಾರ್ಖಾನೆಯಲ್ಲಿ ತಯಾರಾಗುತ್ತಾಳೆ ಎಂಬ ಈ ಸತ್ಯವನ್ನು ರೀಡ್ ಲವಲವಿಕೆಯಿಂದ ಹೇಳಿದ್ದಾರೆ. ಇಷ್ಟಕ್ಕೆ ಅವರಿಗೆ ಶಹಭಾಸ್ ಎನ್ನಲೇಬೇಕು.

ಇನ್ನು ಕಿರಿಯ ಮಿತ್ರರೊಡನೆ ನನ್ನ ಜಗಳ. ಇದಕ್ಕೆ ಕಥೆಯ ಗುಟ್ಟನ್ನು ಹೊರಗೆಡಹದೆ ವಿಧಿಯಿಲ್ಲ. ಪುಸ್ತಕ ಓದಬೇಕೆಂದಿರುವವರು ಕ್ಷಮಿಸಬೇಕು.

ಮುಪ್ಪಿನ ಎವೆಲಿನ್ ತನ್ನ ಜೀವನಚರಿತ್ರೆ ಬರೆಸಲು ಮೋನಿಕ್ ಗ್ರ್ಯಾಂಟ್ ಎಂಬ ಹೆಸರಿಲ್ಲದ ಪತ್ರಕರ್ತೆಯನ್ನೇ ಕರೆಸಿಕೊಳ್ಳುತ್ತಾಳೆ. ಏಕೆಂಬುದು ಕೊನೆಯಲ್ಲಿ ತಿಳಿಯುತ್ತದೆ. ಹಿಂದೊಂದು ರಾತ್ರಿ ಎವೆಲಿನಳ ಐದನೆಯ ಗಂಡನೂ ಆಪ್ತಮಿತ್ರನೂ ಆಗಿದ್ದ ಹ್ಯಾರಿ ಕ್ಯಾಮೆರಾನ್ ಕುಡಿದು ಕಾರು ಓಡಿಸಿ ಅಪಘಾತ ಮಾಡಿದ್ದ. ಪಕ್ಕದಲ್ಲಿ ಕುಳಿತಿದ್ದವನು, ಹ್ಯಾರಿ ಪ್ರೀತಿಸುತ್ತಿದ್ದ ಜೇಮ್ಸ್ ಗ್ರ್ಯಾಂಟ್. ಕರಿಯ ಜನಾಂಗದ ಛಾಯಾಗ್ರಾಹಕ, ಮೋನಿಕಳ ತಂದೆ. ಅವನ ಪ್ರಾಣ ಹೋಗಿತ್ತು. ಅಲ್ಲಿಗೆ ಬಂದ ಎವೆಲಿನ್, ಗೆಳೆಯನ ಮಾನ ಕಾಯಲೆಂದು, ಆ ಹೆಣವನ್ನು ಎಳೆದು ಚಾಲಕನ ಸ್ಥಾನದಲ್ಲಿ ಕೂರಿಸಿದಳು. ಹ್ಯಾರಿ ಹೇಗೂ ಉಳಿಯಲಿಲ್ಲ. ತಂದೆ ಕುಡಿದು ಕಾರೋಡಿಸಿ ಸತ್ತನೆಂದೇ ಮಗಳು ನಂಬಿ ಬೆಳೆದಳು.

ಪುಸ್ತಕ ಏಳು ಭಾಗಗಳಾಗಿ ಹರಿದಿದೆ. ಒಬ್ಬೊಬ್ಬ ಗಂಡನಿಗೆ ಒಂದೊಂದು ಭಾಗ, ಹೆಸರಿನ ಹಿಂದೆ ವಿಶೇಷಣ. ಹೊಡೆದವನಿಗೂ ಒಂದು ಭಾಗ, ಮೋಸಹೋದವನಿಗೂ ಒಂದು ಭಾಗ. ಇವರೆಲ್ಲರ ಹಬ್ಬದೂಟದ ಲೆಕ್ಕ ತೀರಿಸಿದ ಎಂಟನೆಯವನಿಗೆ? ಒಂದು ಪತ್ರ. ಗಂಡಂದಿರ ಹೆಸರುಗಳನ್ನು ಹೇಳಿರೆಂದು ತರಗತಿಯಲ್ಲಿ ಕೇಳಿದೆ; ಪುಸ್ತಕ ಓದಿದ್ದ ಐದಾರು ಮಂದಿ ಏಳನ್ನೂ ಪಟಪಟನೆ ಒಪ್ಪಿಸಿದರು. ಕಾರಿನಲ್ಲಿದ್ದ ಇನ್ನೊಬ್ಬನ ಹೆಸರೇನು ಎಂದೆ. ಯಾರೂ ಬಾಯಿಬಿಡಲಿಲ್ಲ. ಅವರನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ. ಮೊದಲ ಓದಿನಲ್ಲಿ ನಾನೂ ಎವೆಲಿನಳಿಗಾಗಿಯೇ ಮರುಗಿದ್ದೆ; ಅವನ ಹೆಸರಿಗಾಗಿ ಪುಟ ತಿರುವಬೇಕಾಗಿ ಬಂದಿತ್ತು.

“ಪಾಪ, ಅವಳು ಇನ್ನೇನು ಮಾಡಬಹುದಾಗಿತ್ತು ಸಾರ್? ಹ್ಯಾರಿಯನ್ನು ಉಳಿಸಬೇಡವೆ?” ಎಂದಳು ನನ್ನ ವಿದ್ಯಾರ್ಥಿನಿ. ಅಮ್ಮಾ, ಹ್ಯಾರಿಯನ್ನು ಆಸ್ಪತ್ರೆಗೆ ಒಯ್ಯಲು ಹ್ಯಾರಿಯನ್ನು ಎತ್ತಿದ್ದರೆ ಸಾಕಾಗಿತ್ತು. ಸತ್ತವನನ್ನು ಎಳೆದಾಡಿದ್ದರಿಂದ ಯಾರ ಪ್ರಾಣವೂ ಉಳಿಯುವಂತಿರಲಿಲ್ಲ. ಉಳಿಯಬೇಕಾಗಿದ್ದುದು ಒಂದು ದೊಡ್ಡ ಹೆಸರು. ಅದಕ್ಕಾಗಿ ಹೆಸರಿಲ್ಲದವನೊಬ್ಬನಿಗೆ ಮಸಿ ಬಳಿಯಲಾಯಿತು. ಮಾರ್ಗರಿಟಾಳ ಹಣೆ ಸುಟ್ಟ ಕಾರ್ಖಾನೆಯೂ ಇದನ್ನೇ ಮಾಡಿತ್ತು: ಚಿತ್ರ ಚೆನ್ನಾಗಿ ಬರಬೇಕು, ಯಾರ ಚರ್ಮ ಸುಟ್ಟರೇನು. ಕಾರ್ಖಾನೆಯ ಬಲಿಯಾಗಿದ್ದವಳು ಅದರ ಕೈಯೂ ಆದಳು. ಇದು ಮಹಾಕಾದಂಬರಿಯೊಂದಕ್ಕೆ ಸಾಲುವ ವಸ್ತು. ರೀಡ್ ಅದನ್ನು ಕೈಗೆತ್ತಿಕೊಂಡು, ಕೊನೆಯ ತಿರುವಿನ ಚಮತ್ಕಾರಕ್ಕೆ ಖರ್ಚು ಮಾಡಿಬಿಟ್ಟರೆಂಬುದೇ ನನ್ನ ದೂರು.

ಅವಳು ತಪ್ಪೊಪ್ಪಿಕೊಳ್ಳುತ್ತಾಳಲ್ಲ ಎನ್ನುವವರುಂಟು. ಹೌದು, ತನ್ನ ಸಾವು ಬಾಗಿಲಿಗೆ ಬಂದ ಮೇಲೆ. ಸೀಲಿಯಾ ಇಲ್ಲ, ಹ್ಯಾರಿ ಇಲ್ಲ, ಕಳೆದುಕೊಳ್ಳುವಂಥದೇನೂ ಉಳಿದಿಲ್ಲ. ಮಗಳಿಗೆ ಪರಿಹಾರವಾಗಿ ಕೊಟ್ಟದ್ದೇನು? ಮಾರಿದರೆ ಅಪಾರ ಹಣ ತರುವ ಎವೆಲಿನಳ ಜೀವನಚರಿತ್ರೆ. ತಂದೆಯ ಮಾನದ ಬೆಲೆಯನ್ನೂ ತಾರೆಯ ಕಥೆಯಲ್ಲಿಯೇ ಸಲ್ಲಿಸುವುದು ಎಂಥ ಔಚಿತ್ಯ! ಮೋನಿಕ್ ಸಿಟ್ಟಾಗುತ್ತಾಳೆ, ನಿಜ. ಆದರೆ ಆ ಸಿಟ್ಟಿಗೆ ಲೇಖಕಿ ಕೊಟ್ಟ ಪುಟಗಳು ಬಹಳ ಕಡಮೆ.

ತಪ್ಪು ಮಾಡಿದವರಿಗಾಗಿ ಓದುಗನನ್ನು ಅಳಿಸಬಾರದೆಂದು ನಾನು ಹೇಳಿದೆನೆಂದು ಯಾರೂ ತಿಳಿಯದಿರಲಿ. ಹಾಗೆ ಹೇಳುವವನು ರನ್ನನನ್ನು ಪಾಠ ಮಾಡಬಾರದು. ಅವನ ದುರ್ಯೋಧನನೇನು ಸಾಧುವೆ? ಆದರೂ ಹತ್ತು ಶತಮಾನಗಳಿಂದ ಕನ್ನಡಿಗರು ಅವನಿಗಾಗಿ ಮರುಗಿದ್ದೇವೆ. ಕಾರಣವಿಷ್ಟು: ರನ್ನ ಅವನನ್ನು ಸಂಜಯನೊಡನೆ ರಣರಂಗದಲ್ಲಿ ಕಾಲ್ನಡಿಗೆಯಲ್ಲಿ ನಡೆಸುತ್ತಾನೆ. ಹೆಣಗಳನ್ನು ಎಡವುತ್ತ ಹೋಗುವ ಅರಸ ದ್ರೋಣನ ಬಳಿ ನಿಲ್ಲಬೇಕು, ದುಶ್ಶಾಸನನ ಬಳಿ ನಿಲ್ಲಬೇಕು, ಕರ್ಣನ ಬಳಿ ನಿಂತು ಎದೆಯೊಡೆದು ಅಳಬೇಕು. ಹಗೆಯ ಮಗ ಅಭಿಮನ್ಯುವಿನ ಬಳಿಯೂ ನಿಂತು ತಲೆಬಾಗಬೇಕು. ತನ್ನ ಛಲಕ್ಕೆ ಬೆಲೆ ತೆತ್ತವರ ಮುಖವನ್ನು ಒಂದೊಂದಾಗಿ ನೋಡಿದ ಮೇಲೆ ಅವನು ನಮ್ಮ ಕರುಣೆಗೆ ಅರ್ಹನಾಗುತ್ತಾನೆ. ಎವೆಲಿನ್ ಒಂದೇ ಒಂದು ಹೆಣವನ್ನು ದಾಟಬೇಕಾಗಿತ್ತು. ಲೇಖಕಿ ಅವಳನ್ನು ಅಲ್ಲಿ ನಿಲ್ಲಿಸಲಿಲ್ಲ. ಹಾಗೆ ನಿಲ್ಲದೆ ಹೋದವಳಿಗಾಗಿ ಸುರಿಯುವ ಕಣ್ಣೀರು ಅಭಿಮಾನಿಯ ಕಣ್ಣೀರು. ಸ್ಟುಡಿಯೋಗಳ ಪ್ರಚಾರ ವಿಭಾಗಗಳು ಬಯಸಿದ್ದೂ ಅದನ್ನೇ.

ಸಾಹಿತ್ಯದ ಮೇಷ್ಟರು ಇದಕ್ಕೇಕೆ ಇಷ್ಟು ಸಿಡಿಮಿಡಿಗೊಳ್ಳಬೇಕು ಎಂದು ಕೇಳಬಹುದು. ತಾರೆಯರ ಆಳೆತ್ತರದ ಚಿತ್ರಗಳಿಗೆ ಹಾಲೆರೆಯುವ ನಾಡು ನಮ್ಮದು. ದೊಡ್ಡವರ ತಪ್ಪಿಗೆ ಸಣ್ಣವರು ಚಾಲಕನ ಸ್ಥಾನದಲ್ಲಿ ಕೂರುವುದು ನಮಗೆ ಹೊಸ ಸುದ್ದಿಯೇನಲ್ಲ. ಆಗ ‘ಪಾಪ, ಅವರು ಇನ್ನೇನು ಮಾಡಬಹುದಾಗಿತ್ತು’ ಎನ್ನುವ ನಾಲಗೆ ಕಾದಂಬರಿ ಓದುವಾಗಲೇ ಪಳಗುತ್ತದೆ. ‘ಇನ್ನೊಬ್ಬನ ಹೆಸರೇನು’ ಎಂದು ಕೇಳುವ ನಾಲಗೆಯೂ ಅಲ್ಲಿಯೇ ಪಳಗಬೇಕು.

ಪುಸ್ತಕವನ್ನು ಹುಡುಗಿಗೆ ಹಿಂದಿರುಗಿಸಿದ್ದೇನೆ. ಓದಬೇಡವೆಂದು ಹೇಳಲಿಲ್ಲ; ಕೊನೆಯ ಭಾಗವನ್ನು ಇನ್ನೊಮ್ಮೆ ಓದು ಎಂದೆ. ಓದುಗರಿಗೂ ನನ್ನ ವಿನಂತಿ ಅಷ್ಟೆ. ಓದಿ ಮುಗಿಸಿದ ಮೇಲೆ ಆ ರಾತ್ರಿಯ ರಸ್ತೆಗೆ ಹಿಂದಿರುಗಿ, ಎವೆಲಿನ್ ನಿಲ್ಲದ ಕಡೆ ನೀವಾದರೂ ಒಂದು ಗಳಿಗೆ ನಿಲ್ಲಿ. ಅವನ ಹೆಸರು ಜೇಮ್ಸ್ ಗ್ರ್ಯಾಂಟ್. ಆ ಕಾರನ್ನು ಅವನು ಓಡಿಸುತ್ತಿರಲಿಲ್ಲ.