ಗದ್ದೆಯ ಆಟ ಮನೆಗೆ ಬಂದಾಗ

ಕಳೆದ ರಜೆಯಲ್ಲಿ ಒಂದು ರಾತ್ರಿ ನಮ್ಮ ಮನೆಯಲ್ಲಿ ‘ವೀರ ಚಂದ್ರಹಾಸ’ ಸಿನಿಮಾ ನೋಡಿದೆವು. ಟಿವಿಯ ಎದುರು ನಾನು, ತಂಗಿ, ಉಮ್ಮ, ಮತ್ತೆ ಬಿ.ಸಿ.ರೋಡಿನಿಂದ ಬಂದಿದ್ದ ಮಾಮ. ಕೆಜಿಎಫ್‌ಗೆ ಸಂಗೀತ ಕೊಟ್ಟ ರವಿ ಬಸ್ರೂರು ಅವರೇ ಇದರ ನಿರ್ದೇಶಕರು. 2025ರ ಏಪ್ರಿಲ್ 18ರಂದು ಬಿಡುಗಡೆಯಾದಾಗ ಥಿಯೇಟರಿಗೆ ಹೋಗಲು ಆಗಿರಲಿಲ್ಲ. ಯಕ್ಷಗಾನದ ಪ್ರಸಂಗವನ್ನು ಯಕ್ಷಗಾನದ ವೇಷದಲ್ಲೇ, ಯಕ್ಷಗಾನದ ಕಲಾವಿದರಿಂದಲೇ ಮಾಡಿಸಿದ ಸಿನಿಮಾ ಇದು. ಶಿವರಾಜ್‌ಕುಮಾರ್ ಕೂಡ ವೇಷ ಹಾಕಿ ಸ್ವಲ್ಪ ಹೊತ್ತು ಬಂದು ಹೋಗುತ್ತಾರೆ.

ಉಮ್ಮ ಆಟವನ್ನು ಕೇಳಿದವರು, ನೋಡಿದವರಲ್ಲ. ಮದುವೆಯಾಗಿ ಬಂದಂದಿನಿಂದ ಮನೆಯ ಹಿಂದಿನ ಬಾಕಿಮಾರು ಗದ್ದೆಯಿಂದ ಚೆಂಡೆಯ ಸದ್ದು ಕೇಳಿ ಮಲಗಿದವರು. ಮಾಮನ ಕಥೆ ಬೇರೆ. ಅವರು ಇಪ್ಪತ್ತು ವರ್ಷ ಆಟದ ಗದ್ದೆಯಲ್ಲಿ ಚರುಮುರಿ ಮಾರಿದವರು. ಸಿದ್ಧಕಟ್ಟೆ, ವೇಣೂರು, ಮೂಡುಬಿದಿರೆ ಎಂದು ಮೇಳ ಹೋದಲ್ಲೆಲ್ಲ ಅವರ ಪೆಟ್ಟಿಗೆ ಹೋಗುತ್ತಿತ್ತು. ವ್ಯಾಪಾರ ಹನ್ನೊಂದಕ್ಕೆ ಮುಗಿಯುತ್ತಿತ್ತು, ಆಟ ಬೆಳಗಿಗೆ. ನಡುವೆ ಇದ್ದದ್ದೆಲ್ಲ ಬಿಟ್ಟಿ ಪಾಠ ಎನ್ನುತ್ತಾರೆ. ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ, ಆದರೆ ಅವರ ಕನ್ನಡ ನನ್ನದಕ್ಕಿಂತ ಚೆನ್ನಾಗಿದೆ. ಕೆಲವು ವರ್ಷಗಳ ಹಿಂದೆ, ಜಾತ್ರೆಯಲ್ಲಿ ಯಾರು ಅಂಗಡಿ ಹಾಕಬಹುದು, ಯಾರು ಹಾಕಬಾರದು ಎಂಬ ಮಾತು ಊರಲ್ಲಿ ಎದ್ದಾಗ ಅವರು ಹೋಗುವುದು ನಿಲ್ಲಿಸಿದರು. ಯಾರೂ ಅವರನ್ನು ಓಡಿಸಲಿಲ್ಲ. ಯಾರಾದರೂ ಹೇಳುವ ಮೊದಲೇ ಎದ್ದು ಬರುವುದು ಮರ್ಯಾದೆ ಎಂದು ಅವರಿಗೆ ಅನಿಸಿತು, ಅಷ್ಟೆ.

ಸಿನಿಮಾ ಶುರುವಾಗಿ ಐದು ನಿಮಿಷ ಆಗಿರಲಿಲ್ಲ. “ಇದು ಬಡಗು, ನಮ್ಮ ತೆಂಕಲ್ಲ” ಎಂದರು ಮಾಮ. ಕುಂದಾಪುರ ಕಡೆಯ ಮುಂಡಾಸು, ಆ ಕಡೆಯ ಮಂಡಿ ಕುಣಿತ. ನಮ್ಮ ಕಡೆಯ ಕಿರೀಟ, ಧೀಂಗಿಣ ಅಲ್ಲಿಲ್ಲ. ಆಮೇಲೆ ಅವರ ಬಾಯಿ ನಿಲ್ಲಲೇ ಇಲ್ಲ.

ಕಥೆ ಲಕ್ಷ್ಮೀಶನ ಜೈಮಿನಿ ಭಾರತದ್ದು. ಅನಾಥ ಹುಡುಗ ಚಂದ್ರಹಾಸ ಮುಂದೆ ರಾಜನಾಗುತ್ತಾನೆಂದು ಮಂತ್ರಿ ದುಷ್ಟಬುದ್ಧಿಗೆ ಭಯ. ಅವನ ಕೈಯಲ್ಲೇ ತನ್ನ ಮಗನಿಗೆ ಪತ್ರ ಕಳಿಸುತ್ತಾನೆ: ಇವನಿಗೆ ವಿಷ ಕೊಡು. ದಾರಿಯಲ್ಲಿ ಮಲಗಿದ್ದ ಹುಡುಗನನ್ನು ಮಂತ್ರಿಯ ಮಗಳು ವಿಷಯೆ ನೋಡುತ್ತಾಳೆ, ಪತ್ರ ಓದುತ್ತಾಳೆ, ಕಣ್ಣಿನ ಕಾಡಿಗೆಯಿಂದ ‘ವಿಷ’ವನ್ನು ‘ವಿಷಯೆ’ ಮಾಡುತ್ತಾಳೆ. ಕೊಲ್ಲಬೇಕಾದವನಿಗೆ ಮದುವೆಯಾಗುತ್ತದೆ. ಒಂದೇ ಒಂದು ಅಕ್ಷರ! ಕನ್ನಡ ಪೇಪರಿನಲ್ಲಿ ಕಾಗುಣಿತಕ್ಕೆ ಅಂಕ ಕಳೆದುಕೊಳ್ಳುವ ನಾವೆಲ್ಲ ನೋಡಬೇಕಾದ ಕಥೆ.

ದುಷ್ಟಬುದ್ಧಿ ಊರಿಗೆ ಮರಳಿ, ಸತ್ತಿರಬೇಕಾದ ಹುಡುಗ ಅಳಿಯನಾಗಿ ನಿಂತದ್ದನ್ನು ಕಾಣುವ ಹೊತ್ತಿಗೆ ಮಾಮ ಎದ್ದು ಕೂತರು. ಆ ಪಾತ್ರ ಮಾಡಿದ ಪ್ರಸನ್ನ ಶೆಟ್ಟಿಗಾರ್ ಚೆನ್ನಾಗಿ ಮಾಡಿದ್ದಾರೆ, ಅದನ್ನು ಮಾಮನೂ ಒಪ್ಪಿದರು. ಆದರೆ ಇದೇ ಜಾಗವನ್ನು ಅವರು ಬೇರೆ ಬೇರೆ ಗದ್ದೆಗಳಲ್ಲಿ ಎಷ್ಟೋ ಸಲ ನೋಡಿದ್ದಾರೆ. ಒಬ್ಬರು ಸಿಟ್ಟಿನಲ್ಲಿ ಕೂಗಿದರಂತೆ. ಇನ್ನೊಬ್ಬರು ನಕ್ಕರಂತೆ. ಮತ್ತೊಬ್ಬರು ಏನೂ ಮಾತಾಡದೆ ಮಗನ ಮುಖವನ್ನೇ ನೋಡುತ್ತ ನಿಂತರಂತೆ, ಗದ್ದೆಗೆ ಗದ್ದೆಯೇ ಉಸಿರು ಹಿಡಿದಿತ್ತಂತೆ. ಪದ್ಯ ಭಾಗವತರದ್ದು, ಬರೆದಿಟ್ಟದ್ದು. ಅರ್ಥ ಮಾತ್ರ ಕಲಾವಿದನದ್ದು, ಆ ರಾತ್ರಿ ಎದುರು ಕೂತವರನ್ನು ನೋಡಿ ಹುಟ್ಟುವಂಥದ್ದು. ಸಿನಿಮಾದ ದುಷ್ಟಬುದ್ಧಿ ನಾಳೆ ನೋಡಿದರೂ ಇವತ್ತು ಹೇಳಿದ್ದನ್ನೇ ಹೇಳುತ್ತಾನೆ. ಕ್ಯಾಮೆರಾ ಎಷ್ಟು ಒಳ್ಳೆಯದಾದರೂ ಇದಕ್ಕೆ ಮದ್ದಿಲ್ಲ. ಅರಮನೆಯನ್ನೂ ಕಾಡನ್ನೂ ತೋರಿಸಿದ್ದೇ ಸಿನಿಮಾದ ಬಲ ಎಂದು ನನ್ನ ಗೆಳೆಯರು ಹೇಳುತ್ತಾರೆ. ನನಗೆ ಹಾಗೆ ಅನಿಸಲಿಲ್ಲ. ಆಟದಲ್ಲಿ ಕಾಡು ಇಲ್ಲ. ವೇಷಧಾರಿ ರಂಗಸ್ಥಳಕ್ಕೆ ಒಂದು ಸುತ್ತು ಬಂದರೆ ನಾವೇ ಕಾಡನ್ನು ಕಟ್ಟಿಕೊಳ್ಳುತ್ತೇವೆ.

ಆದರೆ ಉಮ್ಮ ಪತ್ರ ತಿದ್ದುವ ಜಾಗದಲ್ಲಿ ರಿಮೋಟ್ ತೆಗೆದುಕೊಂಡು ಸಿನಿಮಾ ನಿಲ್ಲಿಸಿದರು. ಒಲೆಯ ಮೇಲೆ ಹಾಲಿತ್ತು. ಬಂದು ಕೂತು, “ಈಗ ಹಾಕು, ಒಂದೂ ಬಿಡಬಾರದು” ಎಂದರು. ಇಷ್ಟು ವರ್ಷ ಗೋಡೆಯಾಚೆ ಕೇಳಿದ ಸದ್ದಿಗೆ ಆ ರಾತ್ರಿ ಅವರಿಗೆ ಮುಖ ಸಿಕ್ಕಿತ್ತು. ಗದ್ದೆಯಲ್ಲಿ ಉಮ್ಮನಿಗೆ ಜಾಗ ಎಲ್ಲಿತ್ತು? ಹಾಗಾಗಿ ಮನೆಯಲ್ಲಿ ಕೂತು ಸಿನಿಮಾ ನೋಡುವವರನ್ನು ಹಗುರ ಮಾಡಿ ಮಾತಾಡುವುದನ್ನು ನಾನು ಬಿಟ್ಟಿದ್ದೇನೆ.

ಈಗ ನಮ್ಮ ಕಾಲೇಜಿನ ವಿಷಯ. ವಾರ್ಷಿಕೋತ್ಸವಕ್ಕೆ ಮೊದಲು ಈ ಸಿನಿಮಾವನ್ನು ಸಭಾಂಗಣದಲ್ಲಿ ತೋರಿಸಬೇಕೆಂದು ನಮ್ಮ ಕ್ಲಾಸಿನ ಕೆಲವರು ಕೇಳುತ್ತಿದ್ದಾರೆ. “ಅದು ಅವರದ್ದು, ನಮಗೇಕೆ?” ಎಂದು ಕೇಳಿದವರೂ ಇದ್ದಾರೆ. ಸಂಪಾಜೆಯ ಜಬ್ಬಾರ್ ಸಮೋ ಎಷ್ಟೋ ವರ್ಷಗಳಿಂದ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದಾರೆ. ನಮ್ಮ ತಾಲೂಕಿನ ವಿಟ್ಲದ ಹುಡುಗಿ ಅರ್ಶಿಯಾ ಯಕ್ಷಗಾನದ ವೇಷ ಹಾಕಿ ಕುಣಿದಿದ್ದಾರೆ. ಕಲಿತವರದ್ದು ಅದು. ಸಿನಿಮಾ ತೋರಿಸಲಿ, ನನ್ನ ತಕರಾರಿಲ್ಲ. ಅದರ ಮರುದಿನ ಅದೇ ಸಭಾಂಗಣದಲ್ಲಿ ಚಂದ್ರಹಾಸನ ಒಂದು ತಾಳಮದ್ದಳೆಯೂ ಆಗಲಿ ಎಂಬುದು ನನ್ನ ಬೇಡಿಕೆ. ಅದಕ್ಕೆ ವೇಷ ಬೇಡ, ಬಣ್ಣ ಬೇಡ, ಕುಣಿತ ಬೇಡ. ಒಬ್ಬ ಭಾಗವತರು, ಚೆಂಡೆ, ಮದ್ದಳೆ, ಕೂತು ಮಾತಾಡುವ ನಾಲ್ಕು ಜನ ಸಾಕು. ಖರ್ಚು ನಮ್ಮ ಡಿಜೆ ಸೌಂಡಿಗಿಂತ ಹೆಚ್ಚಾಗಲಿಕ್ಕಿಲ್ಲ. ದುಷ್ಟಬುದ್ಧಿ ಅಳಿಯನನ್ನು ನೋಡುವ ಹೊತ್ತಿಗೆ ಏನು ಹೇಳುತ್ತಾನೆಂದು ಮೊದಲೇ ಯಾರಿಗೂ ಗೊತ್ತಿರುವುದಿಲ್ಲ.

ಆಗಲಿ ಎಂದಾದರೆ ಎದುರಿನ ಸಾಲಿನಲ್ಲಿ ನನಗೆ ಎರಡು ಕುರ್ಚಿ ಬೇಕು. ಒಂದು ಉಮ್ಮನಿಗೆ. ಮಾಮನಿಗೆ ಹೇಳಿಯಾಗಿದೆ, ಚರುಮುರಿ ತರಬೇಕೋ ಬೇಡವೋ ಎಂದು ಕೇಳಿದ್ದಾರೆ.