ವೇಷವೂ ಆತ್ಮವಿಶ್ವಾಸವೂ

ನಮ್ಮ ಮನೆಗಳಲ್ಲಿ ‘ವೇಷ’ವೆಂಬ ಮಾತಿಗೆ ಅಷ್ಟೇನೂ ಒಳ್ಳೆಯ ಹೆಸರಿಲ್ಲ. ಮಕ್ಕಳು ಹುಸಿ ಅಳು ಅತ್ತರೆ ‘ವೇಷ ಹಾಕಬೇಡ’ ಎಂದು ಗದರಿಸುತ್ತೇವೆ. ಒಳಗೊಂದು ಹೊರಗೊಂದು ಆಗಿ ನಡೆಯುವವನನ್ನು ‘ವೇಷಧಾರಿ’ ಎಂದು ಕರೆದು ದೂರವಿಡುತ್ತೇವೆ. ಆದರೆ ಶಬ್ದದ ಮೂಲವನ್ನು ನೋಡಿದರೆ ಅದಕ್ಕೆ ಈ ಕಳಂಕವು ಅಂಟಿಕೊಂಡದ್ದು ಅನ್ಯಾಯವೆಂದೇ ತೋರುತ್ತದೆ. ವ್ಯಾಪಿಸು ಎಂಬರ್ಥವುಳ್ಳ ‘ವಿಷ್’ ಧಾತುವಿನಿಂದ ಹುಟ್ಟಿದ ಪದವಿದು. ಧರಿಸಿದವನನ್ನು ಯಾವುದು ಆವರಿಸುವುದೋ ಅದು ವೇಷ. ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕಾಗಿ ವಿಭಾಗಿಸಿ, ಉಡುಪು, ಒಡವೆ, ಬಣ್ಣಗಳಿಗೆ ಸಂಬಂಧಿಸಿದ ಆಹಾರ್ಯಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಜೀವನು ಒಂದು ದೇಹವನ್ನು ತೊರೆದು ಇನ್ನೊಂದನ್ನು ಹೊಕ್ಕಾಗ ಹಿಂದಿನ ಸ್ವಭಾವವನ್ನು ಬಿಡುವಂತೆ, ನಟನು ಬಣ್ಣವೇಷಗಳಿಂದ ಮುಚ್ಚಿಕೊಂಡು ಪರಭಾವವನ್ನು ಹೊಂದುತ್ತಾನೆಂಬುದು ಅಲ್ಲಿಯ ಅಭಿಪ್ರಾಯ. ಹಾಗೆ ನೋಡಿದರೆ ವೇಷವು ವಂಚನೆಯಲ್ಲ. ಅದೂ ಒಂದು ಬಗೆಯ ಸಂಸ್ಕಾರ.

ಈ ವಿಚಾರವನ್ನು ಈ ತಿಂಗಳು ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ನವರಾತ್ರಿಯು ಸಮೀಪಿಸಿದಂತೆ ಕರಾವಳಿಯ ಮನೆಗಳಲ್ಲಿ ಏಳತಕ್ಕ ಒಂದು ಚರ್ಚೆಯು ಮೊನ್ನೆ ನಮ್ಮ ಜಗಲಿಗೂ ಬಂದಿತು. ಪರಿಚಿತರಾದ ಗೃಹಸ್ಥರೊಬ್ಬರ ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವನು. ರಜೆ ಪಡೆದು ಊರಿಗೆ ಬಂದು ಹುಲಿವೇಷ ಹಾಕುವೆನೆಂದು ಅವನು ಫೋನಿನಲ್ಲಿ ಹೇಳಿದನಂತೆ. ತಂದೆಗೆ ಸಂಕಟ. “ಮಾಸ್ತರರೇ, ಹುಡುಗನಿಗೆ ಹೆಣ್ಣು ನೋಡುತ್ತಾ ಇದ್ದೇವೆ. ಮೈಗೆಲ್ಲ ಬಣ್ಣ ಬಳಿದುಕೊಂಡು ಬೀದಿಯಲ್ಲಿ ಕುಣಿದರೆ ಹೆಣ್ಣಿನ ಕಡೆಯವರು ಏನೆಂದಾರು? ನೀವಾದರೂ ನಾಲ್ಕು ಬುದ್ಧಿಮಾತು ಹೇಳಿ” ಎಂದರು. ನಾವು ಕೊಟ್ಟ ಉತ್ತರವು ಮುಂದೆ ಬರುತ್ತದೆ. ಆ ಹುಡುಗನ ಮನಸ್ಸನ್ನು ಸೆಳೆದ ವಸ್ತುವು ಯಾವುದೆಂಬುದನ್ನು ಘಟ್ಟದ ಮೇಲಣ ವಾಚಕರಿಗಾಗಿ ಮೊದಲು ವಿವರಿಸಬೇಕು.

ತುಳುವಿನಲ್ಲಿ ಇದಕ್ಕೆ ‘ಪಿಲಿವೇಷ’ವೆಂದು ಹೆಸರು. ನಮ್ಮ ಹಳಗನ್ನಡದ ‘ಪುಲಿ’ಗೂ ತುಳುವಿನ ‘ಪಿಲಿ’ಗೂ ಇರುವ ನಂಟನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಉಡುಪಿಯಲ್ಲಿ ಶ್ರೀಕೃಷ್ಣಜನ್ಮಾಷ್ಟಮಿಯ ಮರುದಿನ ವಿಟ್ಲಪಿಂಡಿಯ ಉತ್ಸವ. ಮಣ್ಣಿನ ಕೃಷ್ಣಮೂರ್ತಿಯನ್ನು ಚಿನ್ನದ ರಥದಲ್ಲಿಟ್ಟು ರಥಬೀದಿಯನ್ನು ಸುತ್ತಿಸಿ, ಕೊನೆಗೆ ಮಧ್ವಸರೋವರದಲ್ಲಿ ವಿಸರ್ಜಿಸುತ್ತಾರೆ. ಗೊಲ್ಲವೇಷದವರು ಎತ್ತರದಲ್ಲಿ ತೂಗಿದ ಮೊಸರುಕುಡಿಕೆಗಳನ್ನು ಒಡೆಯುತ್ತಾರೆ. ಅದೇ ಬೀದಿಯಲ್ಲಿ ಹುಲಿಗಳ ತಂಡಗಳು ಕುಣಿಯುತ್ತವೆ. ಮಂಗಳೂರಿನಲ್ಲಾದರೋ ನವರಾತ್ರಿಯೇ ಹುಲಿಗಳ ಕಾಲ. ಮಂಗಳಾದೇವಿಯ ದೇವಾಲಯದ ಸುತ್ತಮುತ್ತ, ನಾರಾಯಣಗುರುಗಳು 1912ರಲ್ಲಿ ಪ್ರತಿಷ್ಠಾಪನೆ ಮಾಡಿದ ಕುದ್ರೋಳಿಯ ಗೋಕರ್ಣನಾಥನ ಸನ್ನಿಧಿಯ ದಸರೆಯಲ್ಲಿ, ಪೇಟೆಯ ಅಂಗಡಿ ಮನೆಗಳ ಅಂಗಳಗಳಲ್ಲಿ ತಾಸೆಯ ಪೆಟ್ಟು ಕೇಳತೊಡಗಿದರೆ, ತೊಟ್ಟಿಲಲ್ಲಿರುವ ಕೂಸೂ ಕಾಲು ಕುಣಿಸುತ್ತದೆಂದು ನಮ್ಮ ಕಡೆಯ ಹೆಂಗಸರು ಹೇಳುವುದುಂಟು.

ಬಣ್ಣ ಹಚ್ಚುವ ಮುನ್ನ ‘ಊದು’ ಹಾಕುವ ಪದ್ಧತಿಯಿದೆ. ಹುಲಿಯ ತಲೆಗಳನ್ನೂ ವಾದ್ಯಗಳನ್ನೂ ಸಾಲಾಗಿ ಇರಿಸಿ, ಧೂಪವನ್ನು ತೋರಿಸಿ, ಹಿರಿಯರ ಆಶೀರ್ವಾದವನ್ನು ಪಡೆದು ತಂಡವು ಕಟ್ಟಿಕೊಳ್ಳುತ್ತದೆ. ಆಮೇಲೆ ಮೈಯ ಕೂದಲನ್ನು ಬೋಳಿಸಿ ಬಣ್ಣಕ್ಕೆ ನಿಲ್ಲಬೇಕು. ಮೊದಲು ನೆಲಬಣ್ಣ, ಅದು ಒಣಗಿದ ಮೇಲೆ ಪಟ್ಟೆ. ಒಂದು ಹುಲಿ ಸಿದ್ಧವಾಗುವುದಕ್ಕೆ ಗಂಟೆಗಟ್ಟಲೆ ಹೊತ್ತು ಬೇಕು. ಬಣ್ಣ ಕದಡೀತೆಂದು ಕೈಗಳನ್ನು ಚಾಚಿ, ಕೋಲನ್ನೋ ಹಗ್ಗವನ್ನೋ ಆಧರಿಸಿ ಕದಲದೆ ನಿಂತಿರಬೇಕು, ಕುಳಿತುಕೊಳ್ಳುವಂತಿಲ್ಲ, ಒರಗುವಂತಿಲ್ಲ. ಪಟ್ಟೆಹುಲಿ, ಚಿಟ್ಟೆಹುಲಿ, ಕಪ್ಪುಹುಲಿ ಎಂದು ಭೇದಗಳುಂಟು. ಹುಲಿಯನ್ನು ಅಟ್ಟುವ ಬೇಟೆಗಾರನೂ ಜೊತೆಯಲ್ಲಿರುತ್ತಾನೆ. ನುರಿತ ಹುಲಿಯು ಬೆನ್ನು ಬಾಗಿಸಿ ನೆಲದ ಮೇಲಿನ ನೋಟನ್ನು ಬಾಯಿಂದ ಎತ್ತುತ್ತದೆ. ಹುಲ್ಲಿನಲ್ಲಿ ಕಟ್ಟಿದ, ಸುಮಾರು 40 ಕಿಲೋ ತೂಗುವ ಅಕ್ಕಿಮುಡಿಯನ್ನು ಹಲ್ಲಿನಿಂದ ಕಚ್ಚಿ ಹಿಂದಕ್ಕೆ ಎಸೆಯುತ್ತದೆ. ಹುಲಿಯು ದುರ್ಗೆಯ ವಾಹನವಷ್ಟೆ. ರೋಗದಿಂದ ನರಳಿದ ಮಗುವು ಗುಣವಾದರೆ ದೇವಿಯ ಮುಂದೆ ಹುಲಿವೇಷ ಹಾಕಿಸುವೆವೆಂದು ಹರಕೆ ಹೊತ್ತ ತಾಯಂದಿರೂ ಉಂಟು. ಆದುದರಿಂದ ಇದು ಬರಿಯ ವಿನೋದವೆಂದು ಹೇಳಿದರೆ ಅರ್ಧವನ್ನು ಮಾತ್ರ ಹೇಳಿದಂತಾಗುತ್ತದೆ.

ಇಂಥ ಉತ್ಸವವು ನಾಗರಿಕರಿಗೆ ತಕ್ಕದ್ದಲ್ಲವೆಂಬ ಆಕ್ಷೇಪಕ್ಕೆ ಪ್ರಾಚೀನರಿಂದ ಬೆಂಬಲ ಸಿಗಲಾರದು. 7ನೆಯ ಶತಮಾನದ ಹರ್ಷಚಕ್ರವರ್ತಿಯು ಬರೆದ ‘ರತ್ನಾವಳಿ’ಯ ಮೊದಲನೆಯ ಅಂಕವೇ ಕೌಶಾಂಬಿಯ ಮದನಮಹೋತ್ಸವ. ಪುರಜನರು ಬಣ್ಣದ ಪುಡಿಯನ್ನು ತೂರಿ, ಜೀರ್ಕೊಳವೆಗಳಿಂದ ನೀರನ್ನು ಎರಚಿ ಕುಣಿಯುವುದನ್ನು ಉದಯನನು ಅರಮನೆಯ ಮೇಲಿನಿಂದ ನೋಡಿ ಹಿಗ್ಗುತ್ತಾನೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸನಾದ ದೊಮಿಂಗೊ ಪಾಯಿಸನು ಅಲ್ಲಿಯ ಮಹಾನವಮಿಯ ಕುಣಿತ, ಕುಸ್ತಿ, ಒಡವೆಗಳ ಭಾರವನ್ನು ಕಂಡು ಬೆರಗಾಗಿ ಬರೆದಿಟ್ಟನು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆ ಸಂಪ್ರದಾಯವನ್ನು ಎತ್ತಿಹಿಡಿದರು. ಯುರೋಪ್ ಖಂಡದಲ್ಲಿಯೂ ಕ್ರೈಸ್ತರು ತಮ್ಮ ದೀರ್ಘೋಪವಾಸಕ್ಕೆ ಮುಂಚೆ ಕಾರ್ನಿವಲ್ ಎಂಬ ವೇಷದ ಹಬ್ಬವನ್ನು ಆಚರಿಸುತ್ತಾರೆ. ಜರ್ಮನಿಯ ಕಲೋನ್ ಪಟ್ಟಣದವರು 1823ರಲ್ಲಿ ಅದಕ್ಕೊಂದು ಸಮಿತಿಯನ್ನೇ ರಚಿಸಿ ಮೆರವಣಿಗೆಯನ್ನು ಕ್ರಮಪಡಿಸಿದರು. ವಕೀಲನೂ ವರ್ತಕನೂ ಅಲ್ಲಿ ವೇಷ ಹಾಕಿ ಬೀದಿಗಿಳಿಯುವುದನ್ನು ಯಾರೂ ಹೀನವೆಂದು ಎಣಿಸುವುದಿಲ್ಲ.

ಇನ್ನು ವೇಷಕ್ಕೂ ಆತ್ಮವಿಶ್ವಾಸಕ್ಕೂ ಇರುವ ಸಂಬಂಧವೇನು? ನಾವು ಪಾಠ ಹೇಳುತ್ತಿದ್ದ ಕಾಲದಲ್ಲಿ ಒಬ್ಬ ಹುಡುಗನಿದ್ದನು. ಮಾತು ಉಗ್ಗುತ್ತಿತ್ತು. ಹೆಸರು ಕೂಗಿದರೆ ‘ಹಾಜರು’ ಎನ್ನುವುದಕ್ಕೂ ಮೈ ಬೆವರುತ್ತಿತ್ತು. ಅಜ್ಜಿಯ ಹರಕೆಯ ಮೇರೆಗೆ ಅವನನ್ನು ಒಂದು ವರ್ಷ ಮರಿಹುಲಿಯಾಗಿ ಕುಣಿಸಿದರು. ನವರಾತ್ರಿ ಕಳೆದು ಶಾಲೆ ತೆರೆದಾಗ ಅವನ ಉಗ್ಗು ಹೋಗಿರಲಿಲ್ಲ. ಇಂದಿಗೂ ಪೂರ್ತಿ ಹೋಗಿಲ್ಲ. ಆದರೆ ಅವನು ತಲೆ ತಗ್ಗಿಸುವುದನ್ನು ಬಿಟ್ಟಿದ್ದನು. ತಡೆತಡೆದಾದರೂ ಉತ್ತರವನ್ನು ಕೊನೆಯವರೆಗೆ ಹೇಳಿ ಕುಳಿತುಕೊಳ್ಳುತ್ತಿದ್ದನು. ನಗುವ ಹುಡುಗರು ಎರಡು ದಿನ ನಕ್ಕು ಸುಮ್ಮನಾದರು. ವ್ಯಾಕರಣ ಪಾಠದಲ್ಲಿ ನಾವು ಮಾಡಲಾರದ ಕೆಲಸವನ್ನು ತಾಸೆಯ ಪೆಟ್ಟು ಮಾಡಿತ್ತು.

ಇದರ ಕಾರಣವನ್ನು ವಿಚಾರಿಸಿದರೆ ಮೂರು ಅಂಶಗಳು ಹೊಳೆಯುತ್ತವೆ. ಒಂದನೆಯದು, ದೃಷ್ಟಿಯ ಭಯ. ನಾಚುವವನಿಗೆ ಎಲ್ಲರೂ ತನ್ನನ್ನೇ ನೋಡುತ್ತಾರೆಂಬ ಅಂಜಿಕೆ. ವೇಷ ಹಾಕಿದವನನ್ನಾದರೋ ನಿಜವಾಗಿಯೂ ಎಲ್ಲರೂ ನೋಡುತ್ತಾರೆ. ನೋಡಿದರೂ ಏನೂ ಅನಾಹುತವಾಗಲಿಲ್ಲವೆಂಬುದು ಅವನಿಗೆ ಅನುಭವಸಿದ್ಧವಾಗುತ್ತದೆ. ಎರಡನೆಯದು, ಶ್ರಮ. ಬಣ್ಣಕ್ಕೆ ನಿಂತ ತಾಳ್ಮೆ, ಹೆಜ್ಜೆ ಕಲಿತ ಅಭ್ಯಾಸ, ಬಿಸಿಲಿನಲ್ಲಿ ದಿನವಿಡೀ ಕುಣಿದ ಸಹಿಷ್ಣುತೆ, ಇವು ಬಣ್ಣ ತೊಳೆದ ಮೇಲೂ ಉಳಿಯುತ್ತವೆ. ಮೂರನೆಯದು, ಊರಿನ ಒಪ್ಪಿಗೆ. ಹುಲಿಯ ರೂಪವನ್ನು ಅವನು ತಾನೇ ಕಲ್ಪಿಸಿದವನಲ್ಲ. ಹಿರಿಯರಿಂದ ಬಂದದ್ದನ್ನು ಧರಿಸಿದವನು. ಅವನ ಹಿಂದೆ ಒಂದು ಪೇಟೆಯೇ ನಿಂತಿದೆ. ಒಂಟಿಯಾಗಿ ಧೈರ್ಯ ತಂದುಕೊಳ್ಳುವುದಕ್ಕಿಂತ ಊರಿನಿಂದ ಧೈರ್ಯವನ್ನು ಸಾಲ ತರುವುದು ಸುಲಭ. ಈ ಸಾಲಕ್ಕೆ ಬಡ್ಡಿಯಿಲ್ಲ.

ಹಾಗಾದರೆ ತನ್ನತನಕ್ಕೆ ಅಲ್ಲಿ ಎಡೆಯಿಲ್ಲವೆ? ಉಂಟು. ಪಟ್ಟೆ ಎಲ್ಲ ಹುಲಿಗಳಿಗೂ ಉಂಟು. ಆದರೆ ಗತ್ತು ಒಂದೊಂದರದು ಒಂದೊಂದು. ರಥಬೀದಿಯ ಹಳೆಯ ಪ್ರೇಕ್ಷಕರು ಮುಖವು ಬಣ್ಣದಲ್ಲಿ ಮರೆಯಾಗಿದ್ದರೂ ಹೆಜ್ಜೆಯಿಂದಲೇ ‘ಇವನು ಇಂಥವನ ಮಗ’ ಎಂದು ಗುರುತಿಸುವುದನ್ನು ನಾವು ಕೇಳಿದ್ದೇವೆ. ಕಟ್ಟಳೆಯಿದ್ದಲ್ಲಿಯೇ ವ್ಯಕ್ತಿಯ ವೈಶಿಷ್ಟ್ಯ ಎದ್ದು ಕಾಣುತ್ತದೆ. ಉತ್ತರಕನ್ನಡದ ಶಿರಸಿಯ ಬೇಡರ ವೇಷಕ್ಕೂ ಈ ಮಾತು ಸಲ್ಲುತ್ತದೆ. ಮಾರಿಕಾಂಬೆಯ ಜಾತ್ರೆಯು ಎರಡು ವರ್ಷಕ್ಕೊಮ್ಮೆ. ಜಾತ್ರೆಯಿಲ್ಲದ ವರ್ಷದ ಹೋಳಿಯ ರಾತ್ರಿಗಳು ಬೇಡನವು. ಬೆನ್ನಿಗೆ ನವಿಲುಗರಿಗಳ ಪ್ರಭೆ, ಕೈಯಲ್ಲಿ ಕತ್ತಿ ಗುರಾಣಿ. ಮುನ್ನುಗ್ಗುವ ಬೇಡನನ್ನು ಹಿಂದಿನಿಂದ ಇಬ್ಬರು ಹಗ್ಗ ಹಿಡಿದು ತಡೆದಿರುತ್ತಾರೆ. ಆವೇಶವೂ ಬೇಕು, ಹಗ್ಗವೂ ಬೇಕು. ಶೈಲಿಯೆಂಬುದರ ಗುಟ್ಟನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ದೃಷ್ಟಾಂತವು ನಮಗೆ ತಿಳಿಯದು.

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ಹಿರಿಯರು ಉಡುಪಿನ ವಿಷಯದಲ್ಲಿ ಹೇಳುತ್ತಾರೆ. ಮರ್ಯಾದೆಯ ಮಟ್ಟಿಗೆ ಅದು ಸರಿ. ಆದರೆ ಈಗಿನ ತರುಣರು ಆ ಗಾದೆಯನ್ನು ನಾವು ನೆನೆಯದಷ್ಟು ಪಾಲಿಸುತ್ತಿದ್ದಾರೆ! ಕೈಯಲ್ಲಿರುವ ಫೋನಿನಲ್ಲಿ ಪರಸ್ಥಳದ ಯಾರೋ ತೊಟ್ಟ ಅಂಗಿಯನ್ನೇ ತಾವೂ ತೊಟ್ಟು, ಯಾರೋ ಕತ್ತರಿಸಿಕೊಂಡಂತೆ ತಲೆ ಕತ್ತರಿಸಿಕೊಂಡು, ಅಷ್ಟಾದರೂ ‘ನಾನು ಸರಿಯಾಗಿ ಕಾಣುತ್ತೇನೆಯೇ’ ಎಂದು ಅಳುಕುತ್ತಾರೆ. ಅಳತೆಗೋಲು ಪರರ ಕೈಯಲ್ಲಿರುವವರೆಗೆ ಆ ಅಳುಕು ತಪ್ಪುವಂತಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂದು ಎಣಿಸಿದವನಿಗೆ ಹಿತ್ತಲೂ ಇಲ್ಲ, ಮದ್ದೂ ಇಲ್ಲ. ತನ್ನ ಊರಿನ ನೇಯ್ಗೆ, ಬಣ್ಣ, ನಡೆ, ನುಡಿಗಳನ್ನು ಪ್ರೀತಿಯಿಂದ ಬಲ್ಲವನು ಕೋಟು ತೊಟ್ಟರೂ ಪಂಚೆ ಉಟ್ಟರೂ ತಾನಾಗಿಯೇ ಇರುತ್ತಾನೆ.

ಹಾಗೆಂದು ದೋಷಗಳನ್ನು ಮುಚ್ಚಿಡುವುದು ನಮ್ಮ ಉದ್ದೇಶವಲ್ಲ. ಕೆಲವು ತಂಡಗಳಲ್ಲಿ ಮದ್ಯಪಾನದ ಚಟವು ಸೇರಿಕೊಳ್ಳುತ್ತದೆ; ಹರಕೆಯ ಹುಲಿಗೂ ಹೆಂಡದ ಹುಲಿಗೂ ಇರುವ ಅಂತರವನ್ನು ತಂಡದ ಹಿರಿಯರು ಕಟ್ಟುನಿಟ್ಟಾಗಿ ಕಾಯಬೇಕು. ಈಚೀಚೆಗೆ ಬಹುಮಾನದ ಸ್ಪರ್ಧೆಗಳು ಹೆಚ್ಚಿವೆ. ಕಸರತ್ತು ಬೆಳೆದು ಭಕ್ತಿ ಕುಗ್ಗದಂತೆ ಎಚ್ಚರ ಬೇಕು. ಗೋಡೆಗೂ ಮರಕ್ಕೂ ಬಳಿಯುವ ಬಣ್ಣವನ್ನು ಮೈಗೆ ಹಚ್ಚಿ ಸೀಮೆಎಣ್ಣೆಯಿಂದ ಉಜ್ಜಿ ತೆಗೆಯುತ್ತಿದ್ದ ಹಳೆಯ ಕ್ರಮವು ಚರ್ಮಕ್ಕೆ ಹಾನಿ. ಮೈಗೆಂದೇ ತಯಾರಾದ ಬಣ್ಣವನ್ನು ತರಿಸಿ, ಹಿಂದಿನ ದಿನ ಮುಂಗೈಗೆ ಸ್ವಲ್ಪ ಹಚ್ಚಿ ನೋಡಿ, ತೆಗೆಯುವಾಗ ತೆಂಗಿನೆಣ್ಣೆಯನ್ನು ಬಳಸುವುದು ಲೇಸು. ಎಳೆಯ ಮಕ್ಕಳ ಮೈಗೆಲ್ಲ ಬಣ್ಣ ಬಳಿಯದೆ ಹರಕೆಯನ್ನು ಹಗುರವಾಗಿ ತೀರಿಸಿದರೆ ದೇವಿಯು ಮುನಿಯಲಾರಳು. ಹಿಂದೆ ಗಂಡಸರಿಗೆ ಮಾತ್ರ ಮೀಸಲಾಗಿದ್ದ ಈ ವೇಷವನ್ನು ಇತ್ತೀಚಿನ ವರ್ಷಗಳಲ್ಲಿ ಹೆಣ್ಣುಮಕ್ಕಳೂ ಧರಿಸಿ ಕುಣಿಯುತ್ತಿದ್ದಾರೆ. ಕೆಲವರು ಹುಬ್ಬುಗಂಟಿಕ್ಕಿದರು. ದೇವಿಯ ವಾಹನವಾಗುವುದಕ್ಕೆ ದೇವಿಯ ಜಾತಿಯವರೇ ಅಯೋಗ್ಯರೆಂಬ ತರ್ಕವು ನಮಗಂತೂ ಅರ್ಥವಾಗದು.

ಆ ತಂದೆಯವರಿಗೆ ನಾವು ಹೇಳಿದ್ದಿಷ್ಟು: “ರಾಯರೇ, ನಿಮ್ಮ ಮಗನು ವೇಷ ಹಾಕುವುದನ್ನು ಹೆಣ್ಣಿನ ಕಡೆಯವರಿಂದ ಮುಚ್ಚಿಡಬೇಡಿ, ನೀವೇ ಅವರನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ. ಬೆಂಗಳೂರಿನ ಸಂಬಳವಿದ್ದೂ ಊರಿನ ಹಬ್ಬಕ್ಕೆ ಓಡಿ ಬರುವ ಹುಡುಗನು ನಾಳೆ ಹೆಂಡತಿ ಮಕ್ಕಳನ್ನೂ ತಂದೆತಾಯಿಯರನ್ನೂ ಮರೆಯುವವನಲ್ಲವೆಂದು ಬಲ್ಲವರು ಊಹಿಸಿಕೊಳ್ಳುತ್ತಾರೆ. ಇದನ್ನು ನೋಡಿ ಬೇಡವೆಂದು ಹೋಗುವವರಿದ್ದರೆ, ಮದುವೆಗೆ ಮುಂಚೆಯೇ ಹೋದದ್ದು ಲಾಭವೆಂದು ತಿಳಿಯಿರಿ.” ಅವರು ಒಪ್ಪಿದರೆಂದು ಹೇಳಲಾರೆವು, ಯೋಚಿಸುವೆನೆಂದು ಎದ್ದುಹೋದರು. ಯೋಚಿಸುವುದೂ ಸಣ್ಣ ಕೆಲಸವಲ್ಲ.

ಹಬ್ಬವನ್ನು ಬಿಡುವುದು ಸುಲಭ, ಮರಳಿ ಪಡೆಯುವುದು ಕಷ್ಟ. ಮುಖವಾಡಗಳಿಗೆ ಲೋಕಪ್ರಸಿದ್ಧವಾದ ಇಟಲಿಯ ವೆನಿಸ್ ನಗರದ ಕಾರ್ನಿವಲ್ಲು 1797ರಲ್ಲಿ ಅಲ್ಲಿಯ ಗಣರಾಜ್ಯವು ಅಸ್ತಮಿಸಿದ ಮೇಲೆ ಕುಂದಿಹೋಯಿತು. ಅದು ಮತ್ತೆ ತಲೆಯೆತ್ತಿದ್ದು 20ನೆಯ ಶತಮಾನದ ಎಪ್ಪತ್ತರ ದಶಕದ ಕೊನೆಯಲ್ಲಿ. ನಡುವೆ ಎಷ್ಟು ತಲೆಮಾರುಗಳು ಕಳೆದುಹೋದವೆಂಬುದನ್ನು ಎಣಿಸಿರಿ. ನಮ್ಮ ಬೀದಿಗಳಲ್ಲಿ ತಾಸೆಯ ನಾದವು ಇನ್ನೂ ನಿಂತಿಲ್ಲ. ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವೇನೆಂದರೆ, ಈ ಸಲದ ಉತ್ಸವದಲ್ಲಿ ಮಕ್ಕಳನ್ನು ಬಾಗಿಲ ಬಳಿ ನಿಲ್ಲಿಸಿ ಫೋಟೋ ತೆಗೆದಲ್ಲಿಗೆ ಮುಗಿಸಬೇಡಿರಿ. ಬಣ್ಣ ಹಚ್ಚುವ ಜಾಗಕ್ಕೆ ಕರೆದುಕೊಂಡು ಹೋಗಿ, ಒಬ್ಬ ಮನುಷ್ಯನು ಹುಲಿಯಾಗುವುದಕ್ಕೆ ಎಷ್ಟು ತಾಳ್ಮೆ ಬೇಕೆಂಬುದನ್ನು ತೋರಿಸಿರಿ. ಹುಲಿಯು ನಿಮ್ಮ ಅಂಗಳಕ್ಕೆ ಬಂದಾಗ ಕಾಣಿಕೆಯ ಜೊತೆಗೆ ಒಂದು ತಂಬಿಗೆ ಮಜ್ಜಿಗೆಯನ್ನೂ ಕೊಡಿರಿ. ಬಣ್ಣದ ಒಳಗೆ ಬೆವರುತ್ತಿರುವವನು ನಿಮ್ಮ ಊರಿನ ಹುಡುಗ.