ಡಾಂಬರು ಬಂತು, ಹೊಲ ಹೋಯ್ತು



ರಜೆಗೆ ಹಾಸ್ಟೆಲಿನಿಂದ ಊರಿಗೆ ಹೊರಟ ನಾವು ಹೊಸಕೋಟೆ–ಚಿಂತಾಮಣಿ ರಾಜ್ಯ ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಹೊಡೀತೀವಿ. ಈ ಸಲ ಕಣ್ಣು ಬಿಟ್ಟು ನೋಡೋಣ. ನಂದಗುಡಿ, ಎಚ್. ಕ್ರಾಸ್ ದಾಟುತ್ತಾ ರಾಗಿ ಹೊಲ, ಹಿಪ್ಪುನೇರಳೆ ತೋಟ, ನೀಲಗಿರಿ ತೋಪು. ನಡುನಡುವೆ ಕಲ್ಲು ನೆಟ್ಟ ಬಡಾವಣೆ, ‘ಸೈಟುಗಳು ಮಾರಾಟಕ್ಕಿವೆ’ ಅನ್ನೋ ಬೋರ್ಡು.

ರಸ್ತೆ ಎಲ್ಲರದು ಅಂತಾರೆ. 1929ರಲ್ಲಿ ಚಾಳೀಸ್‌ಗಾಂವ್‌ನಲ್ಲಿ ಬಾಬಾಸಾಹೇಬರನ್ನು ಕೂರಿಸಿಕೊಂಡು ಹೋಗಲು ಟಾಂಗಾದವರು ಒಪ್ಪಲಿಲ್ಲ. ಓಡಿಸಿ ಅಭ್ಯಾಸವಿಲ್ಲದ ನಮ್ಮವನೊಬ್ಬ ಓಡಿಸಿದ. ಸೇತುವೆಯ ಮೇಲೆ ಟಾಂಗಾದಿಂದ ಬಿದ್ದು ಬಾಬಾಸಾಹೇಬರ ಕಾಲು ಮುರಿಯಿತು. ಇವತ್ತು ನಮಗೆ ಬಸ್ಸಿನಲ್ಲಿ ಸೀಟಿದೆ, ನಿಜ. ಆದರೆ ರಸ್ತೆ ಬದಿಯ ನೆಲ ಯಾರದು?

ಯಾರಿಗೂ ಬೇಡವಾದ ಕಲ್ಲುಬೋರೆಯನ್ನು ಸರ್ಕಾರ ನಮ್ಮ ತಾತಂದಿರಿಗೆ ಮಂಜೂರು ಮಾಡಿತು. ಅವರು ಕಲ್ಲು ಆಯ್ದು, ಜಾಲಿ ಕಡಿದು ಹೊಲ ಮಾಡಿದರು. ಡಾಂಬರು ಬಂತು, ನೆಲಕ್ಕೆ ಬೆಲೆ ಬಂತು. ಬೆಲೆಯ ಹಿಂದೆಯೇ ಸಾಹುಕಾರ ಬಂದ. ಮದುವೆ ಸಾಲ, ಆಸ್ಪತ್ರೆ ಸಾಲ ಅಂತ ಹೆಬ್ಬೆಟ್ಟು ಒತ್ತಿಸಿಕೊಂಡ. ಈಗ ಅದೇ ನೆಲದಲ್ಲಿ ನಮ್ಮ ಅವ್ವಂದಿರು ಕೂಲಿ!

ಇದಕ್ಕೇ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಬಂದದ್ದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಷರತ್ತು ಮುರಿದು, ಇಲ್ಲವೆ ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ ಆ ಕ್ರಯ ಊರ್ಜಿತವಲ್ಲ. ಅಸಿಸ್ಟೆಂಟ್ ಕಮಿಷನರ್ ಜಮೀನು ಬಿಡಿಸಿ ವಾಪಸ್ ಕೊಡಿಸಬೇಕು. 2017ರಲ್ಲಿ ಸುಪ್ರೀಂ ಕೋರ್ಟು ತೀರಾ ತಡವಾಗಿ ಹಾಕಿದ ಅರ್ಜಿ ನಿಲ್ಲದು ಅಂದಿತು. ಓದು ಬಾರದವರು, ಸಾಹುಕಾರನ ಮುಂದೆ ತಲೆ ಎತ್ತಲಾಗದವರು ಕೋರ್ಟಿಗೆ ತಡವಾಗಿ ಬಂದರೆ ತಪ್ಪು ಯಾರದು? ನಮ್ಮ ಜನ ಧರಣಿ ಕೂತರು. 2023ರಲ್ಲಿ ತಿದ್ದುಪಡಿ ಬಂತು, ಅರ್ಜಿಗೆ ಕಾಲಮಿತಿ ಇಲ್ಲ ಅಂತಾಯ್ತು. ಆದರೂ ತಡವಾಯ್ತು ಅನ್ನೋ ವಾದ ಕೋರ್ಟುಗಳಲ್ಲಿ ಇನ್ನೂ ಸತ್ತಿಲ್ಲ. ಅದಕ್ಕೇ ಇನ್ನು ಒಂದು ದಿನವೂ ತಡ ಮಾಡಬಾರದು.

ಕಾಯ್ದೆ ತಾನಾಗಿ ನಡೆದು ಕೇರಿಗೆ ಬರೋದಿಲ್ಲ. ಅದನ್ನು ಓದಬಲ್ಲ ನಾವೇ ಕೈಹಿಡಿದು ಕರ್ಕೊಂಡು ಬರಬೇಕು. ಮನೆಗೆ ಹೋದ ದಿನವೇ, “ಅಜ್ಜಿ, ತಾತನ ಸಾಗುವಳಿ ಚೀಟಿ ಎಲ್ಲೈತೆ?” ಅಂತ ಕೇಳೋಣ. ಟ್ರಂಕು ತೆಗೆಸೋಣ. ತಾಲ್ಲೂಕು ಕಚೇರಿಯಲ್ಲಿ ಪಹಣಿ, ಮಂಜೂರಾತಿ ಕಡತದ ನಕಲು ಪಡೆಯೋಣ. ನಮ್ಮದಾದ ಮೇಲೆ ಪಕ್ಕದ ಮನೆಯವರದು. ಇಡೀ ಕೇರಿಯ ಅರ್ಜಿ ನಾವೇ ಬರೆಯೋಣ.

ಹೆಬ್ಬೆಟ್ಟಿನಿಂದ ಹೋದದ್ದನ್ನು ಅಕ್ಷರದಿಂದ ವಾಪಸ್ ತರದಿದ್ದರೆ ನಮ್ಮ ಓದು ಯಾಕೆ?

ಜೈ ಭೀಮ್.